ಏಕಾಂತದ ಪಹಣಿ ಯಾರ ಹೆಸರಲ್ಲಿದೆ?

ದಲಿತ ಕವಿಗೆ ಮೌನ ಗೊತ್ತಿಲ್ಲವಂತೆ. ನಮ್ಮ ಕಡೆಯ ಯಾವ ಕವಿಗೋಷ್ಠಿಗೆ ಹೋದರೂ ಈ ಮಾತು ಯಾರಾದರೊಬ್ಬರ ಬಾಯಿಂದ ಬಿದ್ದೇ ಬೀಳುತ್ತದೆ. ಹಿರಿಯರು ತುಂಬಾ ಪ್ರೀತಿಯಿಂದಲೇ ಹೇಳುತ್ತಾರೆ: "ತಮ್ಮಾ, ಕಿಚ್ಚು ಉಂಟು, ಒಪ್ಪಿದೆ. ಆದರೆ ಸದ್ದು ಜಾಸ್ತಿ ಆಯ್ತು. ಸ್ವಲ್ಪ ಒಳಗೆ ಇಳಿ. ಕವಿಗೆ ಏಕಾಂತ ಬೇಕು. ಒಬ್ಬನೇ ಕೂತುಕೊಳ್ಳಲಿಕ್ಕೆ ಕಲಿ."

ಕೂತುಕೊಳ್ಳುತ್ತೇನೆ ಸ್ವಾಮೀ. ಎಲ್ಲಿ ಕೂತುಕೊಳ್ಳಲಿ, ಅದನ್ನು ಮೊದಲು ಹೇಳಿ.

ನಮ್ಮದು ಐದು ಸೆಂಟ್ಸಿನ ಮನೆ. ಒಂದು ಚಾವಡಿ, ಒಂದು ಅಡುಗೆಕೋಣೆ, ಹಿಂದುಗಡೆ ತಗಡಿನ ಬಚ್ಚಲು. ಜನ ಆರು. ಅಮ್ಮ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ, ಅಕ್ಕ ಎಲೆ ಕತ್ತರಿಸುತ್ತಾಳೆ, ಅಪ್ಪ ದಿನವಿಡೀ ಕಲ್ಲು ಹೊತ್ತ ಬೆನ್ನನ್ನು ಗೋಡೆಗೆ ಒರಗಿಸಿ ಕೆಮ್ಮುತ್ತಾನೆ, ಟೀವಿ ಅದರ ಪಾಡಿಗೆ ಅರಚುತ್ತದೆ. ನಾನು ಬಿ.ಎ. ಓದಿದ್ದು ಈ ಸದ್ದಿನೊಳಗೆ. ಒಬ್ಬನೇ ಮೂಲೆ ಹಿಡಿದು ಕೂತರೆ ಅಮ್ಮ ಕೈಯಲ್ಲಿದ್ದ ಎಲೆ ಬಿಟ್ಟು ಹಣೆ ಮುಟ್ಟಿ ನೋಡುತ್ತಾಳೆ, ಜ್ವರವೋ ಏನೋ ಅಂತ. ನಮ್ಮ ಮನೆಯಲ್ಲಿ ಒಬ್ಬನೇ ಇರುವುದೆಂದರೆ ಕಾಯಿಲೆ ಬೀಳುವುದು ಎಂದು ಅರ್ಥ. ತಲೆಮಾರುಗಳಿಂದ ಅದೊಂದೇ ಅರ್ಥ.

ಹಾಗಾದರೆ ಕಡಲಿಗೆ ಹೋಗು ಅನ್ನುತ್ತೀರಿ. ಕಾಪುವಿನವನಲ್ಲವೇ ನೀನು, 1901ರಲ್ಲಿ ಕಟ್ಟಿದ ದೀಪಸ್ತಂಭ ಉಂಟು, ಬಂಡೆ ಉಂಟು, ಸೂರ್ಯಾಸ್ತ ಪುಕ್ಕಟೆ ಉಂಟು ಅನ್ನುತ್ತೀರಿ. ಉಂಟು ಮಾರಾಯ್ರೆ, ಎಲ್ಲ ಉಂಟು. ಪೇಟೆಯಿಂದ ಕಾರಲ್ಲಿ ಬಂದವರು ಕತ್ತಲಾದ ಮೇಲೂ ಆ ಬಂಡೆಯ ಮೇಲೆ ಒಬ್ಬರೇ ಕೂತರೆ ಅವರು ಚಿಂತಕರು. ನಾನು ಕೂತರೆ "ಯಾರ ಮಗ? ಯಾವ ಕಾಲನಿ? ಇಲ್ಲಿ ಎಂತ ಮಾಡ್ತಿದ್ದಿ?" ಎಂಬ ಮೂರು ಪ್ರಶ್ನೆ ಬೀಳುತ್ತವೆ. ಅಕ್ಕ ಕೂತರೆ ಏನಾಗುತ್ತದೆ ಎಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗಂತೂ ಕಡಲಕರೆಯ ಶಾಂತಿಗೆ ರಾತ್ರಿಗೆ ಇಷ್ಟು ಎಂದು ದರ ಬಿದ್ದಿದೆ. ಧ್ಯಾನ, ಯೋಗ, ಎಳನೀರು ಸೇರಿ ಪ್ಯಾಕೇಜು. ಅಲ್ಲಿ ಕಸ ಗುಡಿಸಲಿಕ್ಕೆ ಹೋಗುವವರು ನಮ್ಮ ಕೇರಿಯ ಹೆಂಗಸರು.

ಆದ್ದರಿಂದ ನಾನು ಹೇಳುವುದಿಷ್ಟೆ. ಏಕಾಂತ ಮನಸ್ಸಿನ ಗುಣವಲ್ಲ, ಅದೊಂದು ಆಸ್ತಿ. ಗದ್ದೆ, ತೋಟ, ಬಾವಿಯ ಹಾಗೆ ಅದಕ್ಕೂ ಒಂದು ಪಹಣಿ ಇದೆ. ಅದು ಯಾರ ಹೆಸರಲ್ಲಿ ಇದೆ, ಯಾರು ಅದರ ಗೇಣಿ ಕೊಟ್ಟರು, ಯಾರು ಬಿಟ್ಟಿ ದುಡಿದರು ಎಂಬ ಪ್ರಶ್ನೆ ಎತ್ತದೆ "ಒಳಗೆ ಇಳಿ" ಎಂದು ಉಪದೇಶ ಮಾಡುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದ ಹಾಗೆ.

ದೊಡ್ಡ ದೊಡ್ಡವರ ಏಕಾಂತವನ್ನೇ ನೋಡಿ. 1619ರ ಚಳಿಗಾಲದಲ್ಲಿ ಡೆಕಾರ್ಟ್ ಜರ್ಮನಿಯ ಒಂದು ಬೆಚ್ಚನೆಯ ಕೋಣೆಯಲ್ಲಿ ದಿನವಿಡೀ ಒಬ್ಬನೇ ಕೂತು ಎಲ್ಲವನ್ನೂ ಸಂಶಯಿಸಿದ. ಲೋಕ ಉಂಟೋ ಇಲ್ಲವೋ, ತನಗೆ ದೇಹ ಉಂಟೋ ಇಲ್ಲವೋ ಎಂದು ಯೋಚಿಸುವ ದಾರಿ ಅಲ್ಲಿಂದ ತೆರೆಯಿತು. ಆ ಕೋಣೆಯ ಒಲೆಗೆ ಕಟ್ಟಿಗೆ ಒಟ್ಟಿದವನೊಬ್ಬ ಇರಲೇಬೇಕಲ್ಲ? ಅವನಿಗೆ ತನ್ನ ದೇಹ ಉಂಟು ಎಂಬ ಬಗ್ಗೆ ಸಂಶಯ ಇದ್ದಿರಲಾರದು. 1929ರಲ್ಲಿ ವರ್ಜೀನಿಯಾ ವುಲ್ಫ್ ಮಾತ್ರ ಲೆಕ್ಕವನ್ನು ಸರಿಯಾಗಿ ಬಿಡಿಸಿ ಹೇಳಿದಳು: ಹೆಂಗಸು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡು ಬೇಕು, ಬೀಗ ಇರುವ ಕೋಣೆ ಬೇಕು. ನನಗೆ ಇಷ್ಟವಾದ ಮಾತು. ಆದರೆ 1974ರಲ್ಲಿ ಆಲಿಸ್ ವಾಕರ್ ಎಂಬ ಕಪ್ಪು ಲೇಖಕಿ ಅದಕ್ಕೊಂದು ಮರುಪ್ರಶ್ನೆ ಹಾಕಿದಳು. ಹದಿನೆಂಟನೇ ಶತಮಾನದಲ್ಲಿ ಕವಿತೆ ಬರೆದ ಫಿಲ್ಲಿಸ್ ವೀಟ್ಲಿ ಗುಲಾಮಳು. ಕೋಣೆ ಹಾಗಿರಲಿ, ಅವಳ ಮೈಯೇ ಅವಳದ್ದಲ್ಲ. ಅವಳನ್ನು ಎಲ್ಲಿ ಇಡುತ್ತೀರಿ? ನಮ್ಮ ಅಮ್ಮಂದಿರನ್ನು, ಅಜ್ಜಿಯರನ್ನು ಕನ್ನಡ ಕಾವ್ಯಮೀಮಾಂಸೆ ಎಲ್ಲಿ ಇಡುತ್ತದೆ?

ಈಗ ಕನ್ನಡಕ್ಕೆ ಬರುವಾ. ನವ್ಯರು ನಮಗೆ ಒಳಗನ್ನು ಕಲಿಸಿದರು ಎನ್ನುತ್ತಾರೆ. ಅವರ ನಾಯಕ ಗೋಪಾಲಕೃಷ್ಣ ಅಡಿಗರು ನಮ್ಮ ಜಿಲ್ಲೆಯವರೇ, ಮೊಗೇರಿಯವರು. ಉಡುಪಿಯಲ್ಲೇ ಕಾಲೇಜು ಪ್ರಾಂಶುಪಾಲರಾಗಿದ್ದವರು. ಅವರ ಕಾವ್ಯದ ಶಕ್ತಿಯನ್ನು ಅಲ್ಲಗಳೆಯುವ ಮೂರ್ಖತನ ನನಗೆ ಬೇಡ. 'ಭೂಮಿಗೀತ' ಓದಿ ಮೂರು ರಾತ್ರಿ ನಿದ್ದೆಗೆಟ್ಟವ ನಾನು. ಆದರೆ ಆ ಒಳಗಿನ ತಳಮಳ, ಆ ಅನಾಥಪ್ರಜ್ಞೆ, ಆ ಪರಕೀಯತೆ ಎಲ್ಲ ಯಾರದ್ದು? ಇದ್ದ ಮನೆ ಬೇಸರವಾದವನದ್ದು. ಮನೆಯೇ ಇಲ್ಲದವನ ಪರಕೀಯತೆಗೆ ಆ ಶಬ್ದಕೋಶದಲ್ಲಿ ಪದ ಇರಲಿಲ್ಲ. 1979ರಲ್ಲಿ ಧರ್ಮಸ್ಥಳದಲ್ಲಿ ಅಡಿಗರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಆಯಿತು. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಚೆನ್ನಣ್ಣ ವಾಲೀಕಾರರು ಕೇಳಿದರು. ಸಾಹಿತ್ಯದಲ್ಲಿ ಅಂಥ ಭೇದ ಇಲ್ಲ ಎಂಬ ಉತ್ತರ ಪರಿಷತ್ತಿನಿಂದ ಬಂತು. ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಆಯಿತು. ಈ ಕತೆ ನಿಮಗೆಲ್ಲ ಗೊತ್ತಿದೆ. ನಾನು ನೆನಪಿಸುವುದು ಇಷ್ಟಕ್ಕೇ: ಅಂದು ಕೇಳಿದ್ದು ಮಾತಿಗೆ ಜಾಗ. ಆ ಜಾಗ ಜಗಳವಾಡಿ ಸಿಕ್ಕಿತು. ಈಗ ನಾವು ಕೇಳಬೇಕಾದದ್ದು ಮೌನಕ್ಕೆ ಜಾಗ.

'ಸಂಸ್ಕಾರ'ವನ್ನು ತೆಗೆದುಕೊಳ್ಳಿ, 1965ರದ್ದು. ನಾರಣಪ್ಪನ ಹೆಣ ಯಾರು ಸುಡಬೇಕು ಎಂಬ ಒಂದು ಪ್ರಶ್ನೆ ಇಡೀ ಅಗ್ರಹಾರವನ್ನು ಹಿಡಿದು ಅಲ್ಲಾಡಿಸುತ್ತದೆ. ಪ್ರಾಣೇಶಾಚಾರ್ಯರು ಶಾಸ್ತ್ರ ಹುಡುಕುತ್ತಾರೆ, ದೇವರ ಮುಂದೆ ಕೂರುತ್ತಾರೆ, ಕಾಡು ಜಾತ್ರೆ ಎಲ್ಲ ಅಲೆಯುತ್ತಾ ತಾನು ಯಾರು ಎಂದು ಕೇಳಿಕೊಳ್ಳುತ್ತಾರೆ. ಅದೇ ಕಾದಂಬರಿಯಲ್ಲಿ, ಅದೇ ಪ್ಲೇಗಿನಲ್ಲಿ, ಹೊಲೆಗೇರಿಯಲ್ಲಿ ಗಂಡ ಹೆಂಡತಿ ಸತ್ತರೆ ಗುಡಿಸಲಿಗೇ ಬೆಂಕಿ ಇಟ್ಟು ಮುಗಿಸುತ್ತಾರೆ. ಶಾಸ್ತ್ರ ಇಲ್ಲ, ಸಂದಿಗ್ಧ ಇಲ್ಲ, ಅರ್ಥದ ಹುಡುಕಾಟ ಇಲ್ಲ. ಬೆಂಕಿ, ಅಷ್ಟೆ. ಅನಂತಮೂರ್ತಿಯವರು ಅದನ್ನು ಕಂಡಿದ್ದರು, ಕಂಡದ್ದಕ್ಕೇ ಬರೆದರು. ಆದರೆ ವಿಮರ್ಶಕರ ಬಹುಪಾಲು ಶಾಯಿ ಖರ್ಚಾದದ್ದು ಆಚಾರ್ಯರ ಅಸ್ತಿತ್ವದ ಬಿಕ್ಕಟ್ಟಿಗೆ. ಸಾರ್ತ್ರ್ ಬಂದ, ಕಾಮೂ ಬಂದ. ಸುಟ್ಟ ಗುಡಿಸಲಿನ ಬೂದಿಯ ಹತ್ತಿರ ನಿಂತ ಬೆಳ್ಳಿ ಏನು ಯೋಚಿಸಿದಳು? ಅವಳಿಗೂ ಆ ರಾತ್ರಿ ಒಂದು ಒಳಗು ಇತ್ತೋ ಇಲ್ಲವೋ?

ಇರಲಿಲ್ಲ ಎಂದು ತತ್ತ್ವಶಾಸ್ತ್ರ ಮೊದಲೇ ತೀರ್ಪು ಕೊಟ್ಟಾಗಿತ್ತು. ಛಾಂದೋಗ್ಯದಲ್ಲಿ ರೈಕ್ವನ ಕತೆ ಉಂಟು. ಗಾಡಿಯ ಅಡಿಯಲ್ಲಿ ಕೂತು ತುರಿ ಕೆರೆದುಕೊಳ್ಳುತ್ತಿದ್ದ ಜ್ಞಾನಿ ಆತ. (ಈ ಉಪನಿಷತ್ತಿನಲ್ಲಿ ನನಗೆ ಹತ್ತಿರದವನಾಗಿ ಕಾಣುವುದು ಅವನೊಬ್ಬನೇ.) ಅವನ ಹತ್ತಿರ ವಿದ್ಯೆ ಕಲಿಯಲು ಬಂದ ಜಾನಶ್ರುತಿಯನ್ನು ಅವನು "ಶೂದ್ರ" ಎಂದು ಕರೆಯುತ್ತಾನೆ, ಕೊನೆಗೆ ಅವನಿಗೇ ವಿದ್ಯೆ ಹೇಳಿಕೊಡುತ್ತಾನೆ. ಭಾಷ್ಯಕಾರರಿಗೆ ಬಂತು ನೋಡಿ ಸಂಕಟ. ಶೂದ್ರನಿಗೆ ಬ್ರಹ್ಮವಿದ್ಯೆ ಸಿಕ್ಕಿದರೆ ಹೇಗೆ? ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ ಅದಕ್ಕೆ ಉಪಾಯ ಸಿಕ್ಕಿತು: ಇಲ್ಲಿ ಶೂದ್ರ ಎಂದರೆ ಜಾತಿಯ ಹೆಸರಲ್ಲ, ಶೋಕದಿಂದ ಓಡಿ ಬಂದವ ಎಂದರ್ಥ. ದುಃಖಪಟ್ಟವನು ಶೂದ್ರ! ಅರ್ಥ ಹುಡುಕುವುದರಲ್ಲಿ ಎಂಥ ಜಾಣತನ! ದ್ವೈತ, ಅದ್ವೈತ, ವಿಶಿಷ್ಟಾದ್ವೈತ ಎಂದು ಜೀವಮಾನವಿಡೀ ಕಾದಾಡಿದ ಮೂರು ಮತದವರೂ ಈ ಒಂದು ಅಧಿಕರಣದಲ್ಲಿ ಒಂದಾಗಿದ್ದಾರೆ. ಶೂದ್ರನಿಗೇ ಬಾಗಿಲು ಇಲ್ಲ ಎಂದಮೇಲೆ ಕೇರಿಯವನ ಸುದ್ದಿಯೇ ಬೇಡ.

ಮಧ್ವಾಚಾರ್ಯರು ಹುಟ್ಟಿದ ಪಾಜಕ ನಮ್ಮ ಕಾಪುವಿನಿಂದ ದೂರವೇನಲ್ಲ. ಜೀವಗಳಲ್ಲಿ ಮೂರು ಬಗೆ ಎಂದರು ಅವರು: ಮುಕ್ತಿಗೆ ಯೋಗ್ಯವಾದವು, ಸಂಸಾರದಲ್ಲೇ ಸುತ್ತುವವು, ಕತ್ತಲೆಗೇ ಹೋಗುವವು. ಇದು ಜಾತಿಯ ಮಾತಲ್ಲ, ಜೀವಸ್ವರೂಪದ ಮಾತು ಎಂದು ಪಂಡಿತರು ತಿದ್ದುತ್ತಾರೆ. ಇರಲಿ, ತಿದ್ದಲಿ. ಏಣಿಯ ಮೇಲ್ಮೆಟ್ಟಿಲಲ್ಲಿ ಕೂತವನು ಏಣಿಯ ಬಗ್ಗೆ ಬರೆದದ್ದನ್ನು ಕೆಳಗಿನಿಂದ ಏಣಿ ಹಿಡಿದುಕೊಂಡವನು ಹೇಗೆ ಓದಬೇಕು? ಕನಕದಾಸರನ್ನು ಗುಡಿಯ ಹೊರಗೆ ನಿಲ್ಲಿಸಿದ ಕತೆಯನ್ನೇ ಭಕ್ತನ ಏಕಾಂತ ಎಂದು ಕೊಂಡಾಡುವ ಭಾಷಣಕಾರರನ್ನು ಕೇಳಿದ್ದೇನೆ. ಹೊರಗೆ ಹಾಕಿದ್ದೂ ಅವರೇ, ಹೊರಗಿದ್ದದ್ದಕ್ಕೆ ಆಧ್ಯಾತ್ಮ ಎಂದು ಹೆಸರಿಟ್ಟದ್ದೂ ಅವರೇ.

ಇಲ್ಲೊಂದು ವ್ಯತ್ಯಾಸ ಮಾಡಿಕೊಳ್ಳಬೇಕು. ಏಕಾಂತ ಬೇರೆ, ಒಂಟಿ ಮಾಡುವುದು ಬೇರೆ. ಮೊದಲನೆಯದ್ದು ನಾನಾಗಿ ಬಾಗಿಲು ಹಾಕಿಕೊಳ್ಳುವುದು. ಎರಡನೆಯದ್ದು ಊರು ಬಾಗಿಲು ಹಾಕಿ ನನ್ನನ್ನು ಹೊರಗೆ ಬಿಡುವುದು. ನಮಗೆ ಮೊದಲನೆಯದ್ದು ಸಿಕ್ಕಿಲ್ಲ, ಎರಡನೆಯದ್ದು ಬೇಕಾದಷ್ಟು ಸಿಕ್ಕಿದೆ.

ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬದಿಯಲ್ಲಿ ಡೋಲು ಬಾರಿಸುತ್ತಾ ಹಾಡುತ್ತಾ ಬೆಳಗಿನವರೆಗೆ ಕೂರಬೇಕಿತ್ತು. ತುಳುವಿನಲ್ಲಿ ಅದಕ್ಕೆ 'ಪನಿ ಕುಲ್ಲುನಿ' ಎಂದು ಹೆಸರು. ಪನಿ ಎಂದರೆ ಇಬ್ಬನಿ, ಕುಲ್ಲುನಿ ಎಂದರೆ ಕೂರುವುದು. ಇಬ್ಬನಿಯಲ್ಲಿ ಕೂರುವುದು! ಅರ್ಥ ಗೊತ್ತಿಲ್ಲದವನ ಕಿವಿಗೆ ಎಷ್ಟು ಚೆಂದದ ಮಾತು. ಜಪಾನಿನ ಯಾವುದೋ ಸನ್ಯಾಸಿಯ ಸಾಧನೆ ಎಂದುಕೊಳ್ಳಬೇಕು. ಆದರೆ ಇವರು ಕೂತದ್ದು ಮುಕ್ತಿಗಲ್ಲ, ಯಜಮಾನನ ಕೋಣ ಓಡುವ ಗದ್ದೆಗೆ ಕೇಡು ತಟ್ಟಬಾರದೆಂದು. ಇನ್ನೊಬ್ಬರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಅನಿಷ್ಟ ಕಳೆದುಕೊಂಡ ಜನ ಇದೇ ಜಿಲ್ಲೆಯವರು. ಈ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬರಲಿಕ್ಕೆ 2000ದ ಇಸವಿ ಆಗಬೇಕಾಯಿತು. ಉಳಿದವರ ಮನಸ್ಸಿನ ನೆಮ್ಮದಿಗೆ ಒಂದು ಸಮುದಾಯ ಎಂಜಲು ತಿಂದಿದೆ ಎಂಬುದು ರೂಪಕವಲ್ಲ, ಊರಿನ ನಿತ್ಯದ ವ್ಯವಹಾರ. ಇನ್ನು ಮುಂದೆ ಯಾರಾದರೂ ನನ್ನೆದುರು 'ಆಂತರಿಕ ಶಾಂತಿ' ಎಂದರೆ ಆ ಶಾಂತಿಯ ಅನ್ನ ಯಾರು ಉಂಡರು ಎಂದು ಕೇಳುತ್ತೇನೆ.

1917ರಲ್ಲಿ ಬಾಬಾಸಾಹೇಬರು ಬರೋಡಕ್ಕೆ ಕೆಲಸಕ್ಕೆ ಹೋದಾಗ ಉಳಿಯಲಿಕ್ಕೆ ಜಾಗ ಸಿಗದೆ ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರದ ಮಹಡಿಯಲ್ಲಿ ಉಳಿದರು. ಹಳೆಯ ಸಾಮಾನು ತುಂಬಿದ ದೊಡ್ಡ ಹಜಾರ, ಒಂದು ಲಾಂದ್ರ, ಬಾವಲಿಗಳ ಹಾರಾಟ. ಇಡೀ ಮಹಡಿಯಲ್ಲಿ ಅವರೊಬ್ಬರೇ. ಮಾತಾಡಲಿಕ್ಕೆ ಒಂದು ನರಪಿಳ್ಳೆ ಇಲ್ಲದೆ ಪುಸ್ತಕಗಳನ್ನು ಓದಿ ಓದಿ ಒಂಟಿತನ ಮರೆತೆ ಎಂದು ಮುಂದೆ ಅವರೇ ಬರೆದಿದ್ದಾರೆ. ಕೊಲಂಬಿಯಾ, ಲಂಡನ್ ನೋಡಿ ಬಂದ ಮನುಷ್ಯ! ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಗೆಳೆಯರ ಮನೆಯಲ್ಲೂ ಜಾಗ ಸಿಗಲಿಲ್ಲ. ರಾತ್ರಿಯ ರೈಲಿಗೆ ಕಾಯುತ್ತಾ ಸಾರ್ವಜನಿಕ ಉದ್ಯಾನದಲ್ಲಿ ಕೂತರು. ಹೊರಗೆ ಹಾಕಿದವರ ಕಾರಣದಿಂದ ಬಂದ ಒಂಟಿತನ, ಓದಿನಿಂದ ತಾವೇ ಮಾಡಿಕೊಂಡ ಏಕಾಂತ, ಎರಡೂ ಆ ಒಂದೇ ಮಹಡಿಯಲ್ಲಿ ಇದ್ದವು. ಹೀಗೆ ಎರಡೂ ಒಟ್ಟಿಗೆ ಇರುವ ಕೋಣೆ ಕನ್ನಡದ ಯಾವ ನವ್ಯ ಕವಿಗೂ ಗೊತ್ತಿರಲಿಲ್ಲ. ರೋಹಿತ್ ವೇಮುಲನಿಗೆ ಗೊತ್ತಿತ್ತು. ಕಾರ್ಲ್ ಸಾಗನ್‌ನ ಹಾಗೆ ನಕ್ಷತ್ರಗಳ ಬಗ್ಗೆ ಬರೆಯಬೇಕೆಂದಿದ್ದ ಹುಡುಗ ಅವನು. ಹೈದರಾಬಾದಿನಲ್ಲಿ ಹಾಸ್ಟೆಲಿನಿಂದ ಹೊರದೂಡಲ್ಪಟ್ಟು ಬಯಲಲ್ಲಿ ಮಲಗಿದ. 2016ರ ಜನವರಿ 17ರಂದು ಇಲ್ಲವಾದ. ನಕ್ಷತ್ರ ನೋಡಲಿಕ್ಕೆ ಬಯಲಲ್ಲಿ ಮಲಗುವುದು ಬೇರೆ, ಸೂರು ಕಿತ್ತುಕೊಂಡದ್ದಕ್ಕೆ ಬಯಲಲ್ಲಿ ಮಲಗುವುದು ಬೇರೆ.

ಇಷ್ಟು ಅವರಿಗೆ. ಇನ್ನು ನಮ್ಮವರ ಜೊತೆಗೂ ನನಗೆ ಜಗಳ ಉಂಟು.

ಸಂಘಟನೆಯ ಗೆಳೆಯರು ಕೆಲವರು ಹೇಳುತ್ತಾರೆ: ಒಳಗು, ಧ್ಯಾನ, ಬದುಕಿನ ಅರ್ಥ ಇವೆಲ್ಲ ಹೊಟ್ಟೆ ತುಂಬಿದವರ ಪಲಾಯನವಾದ. ಕೇರಿಗೆ ಬೆಂಕಿ ಬಿದ್ದಾಗ ಕಣ್ಣುಮುಚ್ಚಿ ಕೂರುವುದೇ? ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ಈ ಮಾತಿನಲ್ಲಿ ಮನುವಿನ ಹಂಚಿಕೆ ಹಾಗೆಯೇ ಉಳಿದುಬಿಟ್ಟಿದೆ, ನೋಡಿದಿರಾ? ತಲೆ ಅವರಿಗೆ, ಕಾಲು ನಮಗೆ. ಯೋಚನೆ ಅವರಿಗೆ, ಮೆರವಣಿಗೆ ನಮಗೆ. ಮೌನ ಅವರಿಗೆ, ಘೋಷಣೆ ನಮಗೆ. ಹಿರಿಯ ವಿಮರ್ಶಕ ನನಗೆ "ನಿನಗೆ ಒಳಗಿಲ್ಲ" ಎಂದರೆ ಸಿಟ್ಟು ಬರುತ್ತದೆ. ಗೆಳೆಯ ನನಗೆ "ನಿನಗೆ ಒಳಗು ಬೇಡ" ಎಂದರೆ ಅದು ಬೇರೆ ಹೇಗೆ ಆಗುತ್ತದೆ?

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು, ಮಂತ್ರಿಗಿರಿ ಕಳೆದುಕೊಂಡರು. ಬೂಸಾ ಯಾವುದು ಕಾಳು ಯಾವುದು ಎಂದು ಹೇಳಲಿಕ್ಕೂ ಯಾವುದೋ ರಾತ್ರಿ ದೀಪದ ಕೆಳಗೆ ಕೂತು ಕೇರಿ ನೋಡಿರಬೇಕಲ್ಲ. ಸಿದ್ಧಲಿಂಗಯ್ಯನವರು ಬೆಂಗಳೂರಿನ ಸ್ಮಶಾನದಲ್ಲಿ ಗೋರಿಗಳ ನಡುವೆ ಕೂತು ಓದುತ್ತಿದ್ದದ್ದನ್ನು 'ಊರುಕೇರಿ'ಯಲ್ಲಿ ನಗುನಗುತ್ತಾ ಬರೆದಿದ್ದಾರೆ. ನಾಡಿಗೇ ಬೆಂಕಿ ಹಚ್ಚಿದ ಹಾಡುಗಳು ಬಂದದ್ದು ಆ ಮೌನದ ಹತ್ತಿರದಿಂದ. ಬದುಕಿದವರ ಬೆಂಗಳೂರಿನಲ್ಲಿ ದಲಿತ ಹುಡುಗನಿಗೆ ಏಕಾಂತ ಇರಲಿಲ್ಲ, ಸತ್ತವರು ಕೊಟ್ಟರು. ನಗಬೇಕೋ ಅಳಬೇಕೋ! ಮುಂಬಯಿಯ ಪರೇಲಿನ ಒಂದೇ ಕೋಣೆಯ ಮನೆಯಲ್ಲಿ ಅಂಬೇಡ್ಕರರ ಅಪ್ಪ ತಾನು ಎಚ್ಚರವಿದ್ದು ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ, ಮಗ ಮಲಗಿದ್ದ ಜಾಗದಲ್ಲಿ ತಾನು ಮಲಗುತ್ತಿದ್ದರು. ಮಗನಿಗೆ ಓದಲಿಕ್ಕೆ ಆ ಹೊತ್ತು ಮಾತ್ರ ಸದ್ದಿಲ್ಲದ ಹೊತ್ತು. ಒಬ್ಬ ಬಡ ನಿವೃತ್ತ ಸಿಪಾಯಿ ತನ್ನ ನಿದ್ದೆಯನ್ನು ಕತ್ತರಿಸಿ ಮಗನಿಗೆ ಏಕಾಂತ ಮಾಡಿಕೊಟ್ಟ. ಸಂವಿಧಾನದ ಕತೆ ಹೇಳುವಾಗ ಆ ಎರಡು ಗಂಟೆ ರಾತ್ರಿಯಿಂದಲೂ ಶುರು ಮಾಡಬಹುದು.

ಬುದ್ಧನ ವಿಷಯಕ್ಕೆ ಬನ್ನಿ. ಮುದುಕ, ರೋಗಿ, ಹೆಣ ಕಂಡು ರಾಜಕುಮಾರ ಮನೆಬಿಟ್ಟ ಎಂದು ಶಾಲೆಯಲ್ಲಿ ಓದಿದ್ದೇವೆ. ಅಂಬೇಡ್ಕರರು ತಮ್ಮ ಕೊನೆಯ ಪುಸ್ತಕ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇದನ್ನು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದವರೆಗೆ ಒಬ್ಬ ಮುದುಕನನ್ನೂ ಕಾಣದೆ ಇರಲಿಕ್ಕೆ ಸಾಧ್ಯವೇ ಎಂಬುದು ಅವರ ತಕರಾರು. ಅವರು ಹೇಳಿದ ಕಾರಣ ಬೇರೆ: ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ, ಯುದ್ಧ ಬೇಡ ಎಂದ ಸಿದ್ಧಾರ್ಥ ಸಂಘದಲ್ಲಿ ಸೋತ, ಅದಕ್ಕೇ ಹೊರಟ. ನೀರಿನ ಜಗಳ! ಅರಳಿಮರದ ಕೆಳಗಿನ ಏಕಾಂತದ ಬೇರು ನೀರಿನ ಹಂಚಿಕೆಯಲ್ಲಿತ್ತು ಎಂದು ಮಹಾಡದ ಕೆರೆಯ ನೀರು ಮುಟ್ಟಿದ ಮನುಷ್ಯ ಕಂಡುಕೊಂಡರು. ಧ್ಯಾನವನ್ನು ಬಿಡಿ ಎಂದು ಅವರು ಹೇಳಲಿಲ್ಲ. ಧ್ಯಾನಕ್ಕೆ ಕಾರಣವನ್ನು ಬೇರೆ ಕಡೆ ತೋರಿಸಿದರು. ಅಲ್ಲಿ ಕೂತವನು ಮತ್ತೆ ಎದ್ದು ಬಂದು ಜನರ ನಡುವೆ ನಲವತ್ತೈದು ವರ್ಷ ನಡೆದ. ಹಾಗಿರುವಾಗ ಪಲಾಯನ ಎಲ್ಲಿಂದ ಬಂತು ಗೆಳೆಯರೇ?

ಕಾಪುವಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ಮಣಿಪಾಲ. ಅಲ್ಲಿ ಸುಂದರ್ ಸರುಕ್ಕೈ ಕಟ್ಟಿದ ತತ್ತ್ವಶಾಸ್ತ್ರದ ಕೇಂದ್ರವೊಂದು ಇತ್ತು. ಅವರೂ ಗೋಪಾಲ್ ಗುರು ಅವರೂ ಅನುಭವ ಮತ್ತು ಸಿದ್ಧಾಂತದ ಬಗ್ಗೆ ವಾದ ಮಾಡಿ 2012ರಲ್ಲಿ 'ದಿ ಕ್ರ್ಯಾಕ್ಡ್ ಮಿರರ್' ಎಂಬ ಪುಸ್ತಕ ತಂದರು. ಗೋಪಾಲ್ ಗುರು 2002ರಲ್ಲೇ ಎತ್ತಿದ್ದ ತಕರಾರು ಸರಳವಾದದ್ದು: ನಮ್ಮ ವಿದ್ಯಾಲಯಗಳಲ್ಲಿ ಸಿದ್ಧಾಂತದ ಬ್ರಾಹ್ಮಣರು ಇದ್ದಾರೆ, ಮಾಹಿತಿಯ ಶೂದ್ರರು ಇದ್ದಾರೆ. ದಲಿತ ಅನುಭವ ಕೊಡಬೇಕು, ಅರ್ಥ ಬೇರೆಯವರು ಹೇಳಬೇಕು. ನಮ್ಮ ಕಡೆ ಇದನ್ನು ಕಾಣಲು ಪುಸ್ತಕವೂ ಬೇಡ, ಒಂದು ಕೋಲ ನೋಡಿದರೆ ಸಾಕು. ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತಾ, ಯಾರ ಹತ್ತಿರವೂ ಮಾತಾಡದೆ, ಗದ್ದಲದ ನಡುವೆ ಒಳಗೆ ಒಳಗೆ ಹೋಗುತ್ತಿರುವ ಪಂಬದ, ಪರವ, ನಲಿಕೆಯವನನ್ನು ನೋಡಿ. ಆ ಹೊತ್ತಿನಲ್ಲಿ ಅವನಿಗೆ ಏನಾಗುತ್ತದೆ ಎಂದು ಬೇರೆಯವರು ಪಿಎಚ್‌.ಡಿ. ಮಾಡಿದ್ದಾರೆ. ರಾತ್ರಿ ಅವನೆದುರು ಕೈಮುಗಿದು ನಿಂತ ಗುತ್ತಿನ ಯಜಮಾನ ಬೆಳಗಾದ ಮೇಲೆ ಅವನನ್ನು ಅಂಗಳದ ಆಚೆಯೇ ನಿಲ್ಲಿಸಿದ ಚರಿತ್ರೆ ನಮ್ಮದು. ಅವನ ಮಗಳು ಎಂ.ಎ. ಮಾಡಿ ತತ್ತ್ವಶಾಸ್ತ್ರದ ತರಗತಿಯಲ್ಲಿ ನಿಂತು ಅಪ್ಪನ ಆ ಮೌನದ ಅರ್ಥ ಇದು ಎಂದು ಪಾಠ ಮಾಡುವ ದಿನ ಬೇಕು ನನಗೆ. ಯಾರೂ ಅವಳಿಗೆ "ನಿನ್ನ ನೋವು ಹೇಳು ಸಾಕು" ಅನ್ನಬಾರದು.

ದಕ್ಷಿಣ ಕನ್ನಡ, ಉಡುಪಿಯಲ್ಲಿ ಡಿ.ಸಿ. ಮನ್ನಾ ಭೂಮಿ ಎಂಬುದೊಂದು ಉಂಟು. ಡಿ.ಸಿ. ಎಂದರೆ ಇಲ್ಲಿ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ನಮಗೆಂದು ಮೀಸಲಿಟ್ಟ ನೆಲ. ದಾಖಲೆಯಲ್ಲಿ ನಮ್ಮದು, ಹೋಗಿ ನೋಡಿದರೆ ಎಷ್ಟೋ ಕಡೆ ಇನ್ನೊಬ್ಬರ ಅಡಿಕೆ, ಇನ್ನೊಬ್ಬರ ಗೋಡೆ. 2016ರ ಅಕ್ಟೋಬರ್ 9ರಂದು 'ಉಡುಪಿ ಚಲೋ' ಎಂದು ಸಾವಿರಾರು ಜನ ನೀಲಿ ಬಾವುಟ ಹಿಡಿದು ಬಂದು ಊಟದ ಆಯ್ಕೆ, ನೆಲದ ಹಕ್ಕು ಕೇಳಿದ್ದು ಇದೇ ಜಿಲ್ಲೆಯಲ್ಲಿ. ನಾನಾಗ ಹೈಸ್ಕೂಲು ಮುಗಿಸಿದ ಹುಡುಗ. ಏಕಾಂತವೂ ಡಿ.ಸಿ. ಮನ್ನಾ ಜಮೀನಿನ ಹಾಗೆಯೇ. ಸಂವಿಧಾನದ ಪುಟದಲ್ಲಿ ಅದು ನಮಗೂ ಉಂಟು. ಯೋಚಿಸುವ ಸ್ವಾತಂತ್ರ್ಯ ಎಂದು ಬರೆದಿದ್ದಾರೆ. ಅತಿಕ್ರಮಣ ತೆರವು ಮಾಡಿಸಬೇಕಾದವರು ನಾವು.

ಅದಕ್ಕೆ ಒಂದು ಸಣ್ಣ ಕೆಲಸದಿಂದ ಶುರು ಮಾಡುವಾ. ಹಳ್ಳಿಯ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗರು, ಹುಡುಗಿಯರು ಈ ಪತ್ರಿಕೆ ಓದುತ್ತೀರಿ ಎಂದು ನಿಮಗೇ ಹೇಳುವುದು. ನಿಮ್ಮೂರಿನಲ್ಲಿ ಒಂದು ಅಂ‌ಬೇಡ್ಕರ್ ಭವನ ಇರಬಹುದು. ವರ್ಷಕ್ಕೆ ಒಂದು ಜಯಂತಿ, ನಾಲ್ಕು ಮದುವೆ, ಉಳಿದ ದಿನ ಬೀಗ ಎಂಬ ಸ್ಥಿತಿ ಆಗಿದ್ದರೆ ಮುಂದಿನ ಸಭೆಗೆ ಒಂದು ಅರ್ಜಿ ಕೊಡಿ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಬಾಗಿಲು ತೆಗೆದಿಡಬೇಕು. ಟ್ಯೂಬ್‌ಲೈಟು, ಎಂಟು ಮೇಜು, ಎಂಟು ಕುರ್ಚಿ ಬೇಕು. ಟೀವಿ ಬೇಡ, ಮೈಕು ಬೇಡ. ವಾರದಲ್ಲಿ ಮೂರು ದಿನ ಹೆಂಗಸರಿಗೆ ಮಾತ್ರ ಎಂದು ಬರೆಯಿರಿ. ಆ ದಿನ ಬೀಡಿ ಯಾರು ಕಟ್ಟುತ್ತಾರೆ, ಅನ್ನ ಯಾರು ಬೇಯಿಸುತ್ತಾರೆ ಎಂದು ಮನೆಯ ಗಂಡಸರು ಕೇಳುತ್ತಾರೆ, ಕೇಳಲಿ. ನಮ್ಮ ಕಾಲನಿಯವರು ಬರೆದ ಅರ್ಜಿಯ ನಕಲು ನನ್ನ ಹತ್ತಿರ ಉಂಟು, ಪತ್ರಿಕೆಯ ವಿಳಾಸಕ್ಕೆ ಬರೆದರೆ ಕಳಿಸುತ್ತೇನೆ. ಅರ್ಜಿ ಕೊಡುವ ಮೊದಲು ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿಕೊಳ್ಳಿ. ನಮ್ಮಲ್ಲಿ ಅದು ಗೊತ್ತಾಗಲಿಕ್ಕೇ ನಾಲ್ಕು ತಿಂಗಳು ಹಿಡಿಯಿತು.